ಹುಟ್ಟಿದ್ದೋ, ಬರೆಸಿದ್ದೋ

ಮಾರ್ಗಸೂಚಿ ಪುಸ್ತಕಗಳಿಗೆ ಮಾತು ಬಂದ ಮೇಲೆ ಪ್ರತಿ ಡಾಕ್ಟರ ಪಕ್ಕದಲ್ಲೂ ಅವಕ್ಕೊಂದು ಸ್ಟೂಲು ಹಾಕುವುದು ರೂಢಿಯಾಗಿತ್ತು. ಗದಗಿನ ಮಕ್ಕಳ ಡಾಕ್ಟರು ಶಕುಂತಲಾ ಅಂಗಡಿಯವರ ಸ್ಟೂಲಿನ ಮೇಲಿದ್ದ ದಪ್ಪನೆಯ 'ಕುಳ್ಳ ಮಕ್ಕಳ ಮಾರ್ಗಸೂಚಿ' ಬೆಳಗಿನಿಂದ ಅವರ ತಲೆ ತಿನ್ನುತ್ತಿತ್ತು. ಈಗ ಅದರ ಕಣ್ಣು ತೋರಿಸಲು ಬಂದಿದ್ದ ದೇವಕ್ಕನ ಮಗಳು ಕಸ್ತೂರಿಯ ಮೇಲೆ ಬಿದ್ದಿತ್ತು.

"ವಯಸ್ಸಿಗೆ ಎತ್ತರ ತೀರಾ ಕಡಿಮೆ. ರಕ್ತ ತೆಗೆಯಿರಿ, ಎಕ್ಸ್‌ರೇ ಮಾಡಿಸಿರಿ, ಆಮೇಲೆ ದಿನಾ ಇಂಜೆಕ್ಷನ್..."

ಇಂಜೆಕ್ಷನ್ ಎಂದದ್ದೇ ತಡ, ಕಸ್ತೂರಿ ಅವ್ವನ ಸೆರಗಿನೊಳಗೆ ಸೇರಿಕೊಂಡಳು.

"ನೀ ಒಂದೀಟು ಸುಮ್ನಿರಪಾ," ಎಂದು ಪುಸ್ತಕವನ್ನು ಗದರಿದ ಡಾಕ್ಟರು ತಾಯಿಯತ್ತ ತಿರುಗಿದರು. "ಏನವಾ ದೇವಕ್ಕಾ, ಎಂಟು ವರ್ಷ ಅಂದಿಯಲ್ಲ, ಅದು ಹುಟ್ಟಿದ್ದೋ, ಸಾಲ್ಯಾಗ ಬರಸಿದ್ದೋ?"

ದೇವಕ್ಕ ಮುಸಿಮುಸಿ ನಕ್ಕಳು. "ಬರಸಿದ್ದರೀ. ಅಕ್ಕನ ಜೋಡಿ ಸಾಲಿಗೆ ಹೊಕ್ಕೀನಂತ ಹಟ ಹಿಡದಿದ್ಲು. ಮಾಸ್ತರು ಎರಡು ವರ್ಷ ಹೆಚ್ಚಿಗಿ ಬರಕೊಂಡ್ರು. ಖರೇ ಅಂದ್ರ ಆರೇ ನೋಡ್ರಿ."

"ಆರಕ್ಕ ಬರೋಬ್ಬರಿ ಅದಾಳ. ಕರಕೊಂಡು ಹೋಗು."

ಕಸ್ತೂರಿ ಸೆರಗಿನಿಂದ ಹೊರಬಂದವಳೇ ಬಾಗಿಲಿಗೆ ಓಡಿದಳು. ಮಾರ್ಗಸೂಚಿ ಪೆಚ್ಚಾಯಿತು. "ಈ ಪ್ರಶ್ನೆ ನನ್ನಲ್ಲಿ ಇರಲೇ ಇಲ್ಲ."

"ಈಗ ಕಲತಿಯಲ್ಲ, ಬಿಡು. ಅಂದಂಗ, ನೀ ಯಾವ ವರ್ಷದಾಂವ?"

ಮಾರ್ಗಸೂಚಿ ಹಾಳೆಗಳನ್ನು ಕೊಂಚ ಮುದುರಿಕೊಂಡು ಮೆಲ್ಲಗೆ ಕೇಳಿತು: "ಹುಟ್ಟಿದ್ದೋ, ಮುಖಪುಟದಲ್ಲಿ ಬರೆಸಿದ್ದೋ?"