ಸಾತವ್ವನ ನಿಬಂಧ

"ಖರೆ ಹೇಳು. ಇದನ್ನ ಯಾರು ಬರದುಕೊಟ್ರು?"

ಅನಂತ ಮಾಸ್ತರರ ಕೈಯಲ್ಲಿ ಹಾಳೆ, ಎದುರಿಗೆ ಸಾತವ್ವ. ಮೂರನೆಯ ಇಯತ್ತೆಯ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ನಾನ ಬರದೇನ್ರಿ."

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಮೇಲೆ ಶಾಲೆ ನೋಡಲು ಬರುವ ಸಾಹೇಬರೂ ಬದಲಾಗಿದ್ದರು. ಬಾಯಿಪಾಠ ಒಪ್ಪಿಸಿದರೆ ಸಾಲದು, ಮಕ್ಕಳು ತಮ್ಮ ಬಗ್ಗೆ ತಾವೇ ಬರೆಯಬೇಕು. ಸೋಮವಾರ ಡೆಪ್ಯುಟಿ ಸಾಹೇಬರು ಬನಹಟ್ಟಿಗೆ ಬರುವವರಿದ್ದರು. ಅವರ ಊಟ ಮಾಸ್ತರರ ಮನೆಯಲ್ಲಿ. ಸಾಹೇಬರು ತೃಪ್ತರಾದರೆ ಮಾಸ್ತರರು ಹೆಡ್ ಮಾಸ್ತರರಾಗುತ್ತಾರೆ ಎಂಬ ಸುದ್ದಿಯೂ ಇತ್ತು.

ಮೊದಲು ಮಾಸ್ತರರೇ ಹಲಗೆಯ ಮೇಲೆ ಒಂದು ಮಾದರಿ ಬರೆದು ತೋರಿಸಿದ್ದರು. ಮಕ್ಕಳು ಹೆಸರೊಂದನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಇಳಿಸಿಕೊಂಡಿದ್ದರು. "ನಮ್ಮ ಮನೆಯ ಮುಂದೆ ಹೂದೋಟವಿದೆ" ಎಂದು ನೇಕಾರರ ಓಣಿಯ ಮಕ್ಕಳೆಲ್ಲ ಬರೆದಿದ್ದರು. ಆ ಓಣಿಯಲ್ಲಿ ಒಂದು ತುಳಸಿಗಿಡ ನೆಡಲೂ ಜಾಗವಿಲ್ಲ. ಮಾಸ್ತರರು ಹಲಗೆ ಒರೆಸಿ ಗುಡುಗಿದ್ದರು: "ನಿಮ್ಮ ಮನ್ಯಾಗ ಏನದ, ಅದನ್ನಷ್ಟ ಬರೀರಿ. ಸುಳ್ಳು ಬರದವರ ಹಾಳಿ ಹರದು ಒಗೀತೇನಿ."

ಸಾತವ್ವ ಹೀಗೆ ಬರೆದಿದ್ದಳು: "ನಾನು ಸಾತವ್ವ. ನಮ್ಮಲ್ಲಿ ಸರ್ವರೂ ಕ್ಷೇಮ. ಅಪ್ಪ ಮಗ್ಗ ನೇಯುತ್ತಾನೆ. ಅವ್ವ ಕಂಡಿಕೆಗೆ ನೂಲು ಸುತ್ತುತ್ತಾಳೆ. ನಾನು ಸಗಣಿಯ ಕುಳ್ಳು ತಟ್ಟಿ ಮನೆಮನೆಗೆ ಕೊಡುತ್ತೇನೆ. ಹೆಚ್ಚಿಗೆ ಏನು ಬರೆಯಲಿ?"

ಮೂರು ತಿಂಗಳ ಹಿಂದೆ ತನ್ನ ಹೆಸರನ್ನೇ ನೆಟ್ಟಗೆ ಬರೆಯಲು ಬಾರದಿದ್ದ ಹುಡುಗಿ! "ಸರ್ವರೂ ಕ್ಷೇಮ" ಎಂದು ಯಾವ ಮಗು ಬರೆಯುತ್ತದೆ? ಮಾಸ್ತರರ ಅನುಮಾನ ಅಂಚೆಕಚೇರಿಯ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಪತ್ರ ಬರೆದುಕೊಡುವ ರಾಮಲಿಂಗಪ್ಪನ ಮೇಲೆ ಬಿತ್ತು.

"ರಾಮಲಿಂಗಪ್ಪ ಬರದನೇನು?"

"ಇಲ್ರಿ. ನನಗ ಬರೀಲಿಕ್ಕ ಕಲಿಸ್ಯಾರ್ರಿ."

"ಯಾರು?"

ಹುಡುಗಿ ತುಟಿ ಕಚ್ಚಿಕೊಂಡಳು. "ಹೇಳಬ್ಯಾಡ ಅಂದಾರ್ರಿ. ಕೇಳಿ ಹೇಳ್ತೇನ್ರಿ."

ಕಳ್ಳನಿಗೊಂದು ಪಿಳ್ಳೆ ನೆವ. ಮಾಸ್ತರರು ಅವಳನ್ನು ಹಲಗೆಯ ಪಕ್ಕ ನಿಲ್ಲಿಸಿ, "ನೋಡ್ರಿ, ಸುಳ್ಳು ಹೇಳಾವ್ರು ಹಿಂಗಿರ್ತಾರ" ಎಂದು ಎಲ್ಲರಿಗೂ ತೋರಿಸಿದರು. ಮಧ್ಯಾಹ್ನದ ನಂತರ ಕಲಿಸಿದವರ ಹೆಸರು ಬರೆದುಕೊಡದಿದ್ದರೆ ಹಾಜರಿಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕುವುದಾಗಿ ಹೇಳಿದರು. ಸಾತವ್ವನ ಕಣ್ಣೀರು ಗದ್ದದಿಂದ ಅಂಗಿಯ ಮೇಲೆ ಇಳಿಯುತ್ತಿತ್ತು. ಮಾಸ್ತರರಿಗೆ ಒಂದು ಗಳಿಗೆ ತಮ್ಮ ಬಗ್ಗೆಯೇ ಹೇಸಿಕೆಯಾಯಿತು. ಆದರೂ ಬಿಡಲಿಲ್ಲ.

ಊಟಕ್ಕೆ ಮನೆಗೆ ಹೋದಾಗ ಹೆಂಡತಿ ರಾಧಾಬಾಯಿ ತಾಟಿನ ಪಕ್ಕ ಒಂದು ಕಾರ್ಡು ಇಟ್ಟಿದ್ದಳು. ಅವಳ ತವರು ರನ್ನ ಬೆಳಗಲಿಯಿಂದ ಬಂದದ್ದು, ಅಣ್ಣ ಪಾಂಡುರಂಗ ಬರೆದದ್ದು. ಹೆಣ್ಣು ನೋಡಲು ಹೋದಾಗ "ಹುಡುಗಿಗೆ ಓದು ಬರಹ ಬರೂದಿಲ್ಲ" ಎಂದು ಬೀಗರು ಭರವಸೆ ಕೊಟ್ಟಿದ್ದರು. ಓದಿದ ಸೊಸೆ ಬೇಡವೆಂದಿದ್ದ ಮಾಸ್ತರರ ತಂದೆಗೆ ಅದೇ ದೊಡ್ಡ ಗುಣವಾಗಿ ಕಂಡಿತ್ತು. ಹನ್ನೆರಡು ವರ್ಷದಿಂದ ತವರಿನ ಪತ್ರಗಳನ್ನು ಮಾಸ್ತರರೇ ಓದಿ ಹೇಳುತ್ತಿದ್ದರು.

"ಹಾಸಿಗೆ ಹಿಡಿದ ಅವ್ವನ ಜೀವ ನಿನ್ನಲ್ಲೇ ಇದೆ. ದಿನಾ ಕೇಳುತ್ತಾಳೆ. ಭಾವನವರು ದಯಮಾಡಿ ರಾಧಾಳನ್ನು ಕೂಡಲೇ ಕಳಿಸಬೇಕು" ಎಂದು ಪಾಂಡುರಂಗ ಬರೆದಿದ್ದ. ಈ ತಿಂಗಳಲ್ಲಿ ಇದು ಮೂರನೆಯ ಕಾರ್ಡು.

ಸೋಮವಾರ ಸಾಹೇಬರಿಗೆ ಅಡಿಗೆ ಯಾರು ಮಾಡಬೇಕು? ಮಾಸ್ತರರು ಗಂಟಲು ಸರಿಮಾಡಿಕೊಂಡು ಓದಿದರು: "ಎಲ್ಲಾರೂ ಆರಾಮ ಇದ್ದಾರಂತ. ಆಕಳು ಕರು ಹಾಕೇತಂತ."

ರಾಧಾಬಾಯಿ ಸಾರು ಬಡಿಸುತ್ತ ಕೇಳಿದಳು. "ಅಷ್ಟ ಬರದಾನೇನ್ರಿ?"

ಹಿಂದಿನ ಎರಡು ಸಲವೂ ಅವಳು ಇದೇ ಮಾತು ಕೇಳಿದ್ದಳು.

"ಅಷ್ಟ."

ಮಾಸ್ತರರು ಬೇಗಬೇಗ ಅನ್ನ ಕಲಸಿದರು. ಬೆಳಗಲಿ ಏನು ಕಾಶಿಯೇ? ಬಸ್ಸು ಹತ್ತಿದರೆ ಒಂದು ಹೊತ್ತಿನ ದಾರಿ. ಸಾಹೇಬರು ಹೋದ ಮರುದಿನವೇ ತಾವೇ ಕರೆದೊಯ್ದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ನಾಚಿಕೆ ಮಾತ್ರ ಹೋಗಲಿಲ್ಲ. ಹೆಂಡತಿಯ ಮುಖ ನೋಡದೆಯೇ ಕೈತೊಳೆದು ಹೊರಟರು. ಹಿತ್ತಿಲ ಬಾಗಿಲಲ್ಲಿ ಕುಳ್ಳಿನ ಬುಟ್ಟಿ ಹೊತ್ತ ಸಾತವ್ವ ನಿಂತಿದ್ದಳು. ಅವಳ ಮುಖವನ್ನೂ ನೋಡಲಿಲ್ಲ.

ಮಧ್ಯಾಹ್ನ ಶಾಲೆ ಕೂಡಿ ತಾಸಾದ ಮೇಲೆ ಸಾತವ್ವ ಏದುಸಿರು ಬಿಡುತ್ತ ಬಂದಳು. ಎಡಗೈ ಮುಷ್ಟಿ ಬಿಗಿಯಾಗಿತ್ತು. ಹುಣಸೆಹಣ್ಣು ಇರಬೇಕು ಎಂದುಕೊಂಡರು ಮಾಸ್ತರರು.

"ಕೇಳಿ ಬಂದೇನ್ರಿ. ಇನ್ನ ಬರಿ ಅಂದ್ರು."

ಮುಷ್ಟಿ ಬಿಚ್ಚದೆ, ಅದರಿಂದಲೇ ಹಾಳೆಯನ್ನು ಒತ್ತಿಹಿಡಿದು, ಬಲಗೈಯಿಂದ ಎಲ್ಲರ ಕಣ್ಣೆದುರೇ ಬರೆದಳು. ಅಕ್ಷರಗಳು ಅವೇ, ಮುಂಜಾನೆಯವೇ. ಹುಡುಗಿ ಸುಳ್ಳು ಹೇಳಿರಲಿಲ್ಲ. ಮಾಸ್ತರರ ಕಿವಿ ಬಿಸಿಯಾಯಿತು. ತಪ್ಪು ಒಪ್ಪಿಕೊಳ್ಳಲು ಇದೇ ದಾರಿಯೆಂದು ಹಾಳೆ ತೆಗೆದುಕೊಂಡು ಇಡೀ ವರ್ಗಕ್ಕೆ ಕೇಳುವಂತೆ ಓದಿದರು:

"ನನಗೆ ಬರೆಯಲು ಕಲಿಸಿದವರು ಮಾಸ್ತರರ ಮನೆಯ ರಾಧಾಬಾಯಿಯವರು."

ಅಲ್ಲಿಗೆ ದನಿ ನಿಂತುಹೋಯಿತು. ಕಣ್ಣು ಮುಂದಿನ ಸಾಲುಗಳ ಮೇಲೆ ಓಡಿತು. ಮುಖ ಎತ್ತಲಾಗಲಿಲ್ಲ.

ಎದುರಿಗೇ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು. "ಅಷ್ಟ ಬರದಾಳೇನ್ರಿ?"

ಹಾಳೆಯ ಮೇಲೆ ಇನ್ನೂ ಇತ್ತು: "ಪುಸ್ತಕ ಇಲ್ಲದ್ದಕ್ಕೆ ಅವರು ತಮ್ಮ ತವರಿನ ಕಾರ್ಡುಗಳನ್ನೇ ನನಗೆ ಓದಿಸುತ್ತಾರೆ. ಇಂದು ಬಂದ ಕಾರ್ಡನ್ನು ತಾವೇ ಓದಿಕೊಂಡು ಅತ್ತರು. ಅವರನ್ನು ಬೆಳಗಲಿಯ ಬಸ್ಸಿಗೆ ಹತ್ತಿಸಿ ಬಂದೆ. ಮನೆಯ ಕೀಲಿಕೈ ನನ್ನ ಎಡಗೈಯಲ್ಲಿದೆ. ಹೆಚ್ಚಿಗೆ ಏನು ಬರೆಯಲಿ?"