ಮೂರನೆಯ ಕರೆ

ಮಟಮಟ ಮಧ್ಯಾಹ್ನ. ವಿಮಾನ ನಿಲ್ದಾಣಕ್ಕೆ ಹೋಗುವ ಹೊಸ ರೈಲಿನ ಪರೀಕ್ಷಾ ಓಟದಲ್ಲಿ ಕುಮುದ ಒಬ್ಬಳೇ ಇದ್ದಳು. ಚಾಲಕನಿಲ್ಲ, ನಡುವೆ ಎಲ್ಲೂ ನಿಲುಗಡೆಯಿಲ್ಲ. ಯಾವ ಬೋಗಿಯಲ್ಲಿ ಎಷ್ಟು ಜನರಿದ್ದಾರೆಂದು ನೆಲವೇ ತೂಕ ನೋಡಿ ಕಂಟ್ರೋಲ್ ರೂಮಿಗೆ ತಿಳಿಸುತ್ತಿತ್ತು. ಅಲ್ಲಿ ಪರದೆಯ ಮುಂದೆ ಗೆಳತಿ ಜಲಜ ಕೂತಿದ್ದಳು.

"ಕುಮುದಾ..." ಬಾಗಿಲ ಮೇಲಿನ ಸ್ಪೀಕರಿನಲ್ಲಿ ಜಲಜಳ ದನಿ. "ಕುಮುದಾ..."

ಮೂರನೆಯ ಸಲ ಕರೆಯುವ ತನಕ ಓಗೊಡಬೇಡ ಅನ್ನುತ್ತಿದ್ದಳು ಅಜ್ಜಿ. ಪೀಡೆಗಳು ಪರಿಚಯದವರ ದನಿಯಲ್ಲೇ ಕರೆಯುತ್ತವಂತೆ, ಆದರೆ ಎರಡೇ ಸಲ. ಕುಮುದಳಿಗೆ ನಗು ಬಂತು.

"ಏನೇ?" ಅಂದಳು.

"ಹೆದರ್ಬೇಡ. ರೈಲಲ್ಲಿ ಇನ್ನೊಬ್ರ ಭಾರ ತೋರಿಸ್ತಿದೆ. ಮುಂದಿನಿಂದ ನಿನ್ ಕಡೆಗೇ ಬರ್ತಿದೆ. ಕೊನೇ ಬೋಗಿಗೆ ಓಡು, ಲಗೇಜಿನ ಗೂಡಿನ ಹಿಂದೆ ಅಡಗ್ಕೋ."

ಕುಮುದ ಎದ್ದುಬಿದ್ದು ಓಡಿದಳು. ಕೊನೆಯ ಬೋಗಿಯಲ್ಲಿ, ಸೂಟ್‌ಕೇಸ್ ಇಡುವ ಗೂಡಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಳು. ಜೇಬಿನಲ್ಲಿ ಮೊಬೈಲು ಅದುರಿತು.

"ಲೇ ಕುಮುದಾ," ಜಲಜಳದೇ ದನಿ. "ರೈಲು ಹೊರಟಾಗಿಂದ ಸ್ಪೀಕರ್ ಸತ್ತಿದೆ ಕಣೇ, ಅದಕ್ಕೇ ಫೋನ್ ಮಾಡ್ದೆ. ಒಬ್ಳೇ ಹೋಗ್ತೀನಿ ಅಂದಿದ್ಯಲ್ಲ, ಕೊನೇ ಬೋಗಿಲಿ ಇಬ್ರ ಭಾರ ತೋರಿಸ್ತಿದೆ, ನಿನ್ನ ಜೊತೆ ಇರೋದ್ಯಾರೇ?"