ಬಣ್ಣ ಬಳಿದ ಗೋಡೆ

ಬಾಗಿಲು ತೆರೆದೊಡನೆ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ವಕೀಲೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹೋದ ಶನಿವಾರದವರೆಗೆ ಕಪ್ಪು ಬೂಷ್ಟು ಹಿಡಿದು ಉಬ್ಬಿಕೊಂಡಿದ್ದ ಗೋಡೆ ಈಗ ಹಾಲಿನಷ್ಟು ಬೆಳ್ಳಗೆ ನಿಂತಿತ್ತು.

“ಏನಮ್ಮಾ ಇದು?”

“ನಿನ್ನೆ ಇಡೀ ದಿನ ಮಿಷನ್ ಮುಟ್ಟದೆ ಇದನ್ನೇ ಬಳಿದೆ ಮೇಡಂ,” ಎಂದಳು ಹೊಲಿಗೆಯವಳು, ಉಗುರಿಗಂಟಿದ ಬಣ್ಣ ಕೆರೆಯುತ್ತಾ. “ಕೋರ್ಟಿನವರು ಮನೆಗೇ ಬರ್ತಾರೆ ಅಂದ್ರಲ್ಲ ನೀವು. ಬಂದವರಿಗೆ ಆ ಗಲೀಜು ಗೋಡೆ ತೋರಿಸೋಕಾಗುತ್ತಾ? ಏನಂದ್ಕೊಂಡಾರು?”

ವಕೀಲೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಶನಿವಾರಗಳಂದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಬಾಡಿಗೆದಾರರ ಕೇಸುಗಳನ್ನು ಪುಕ್ಕಟೆ ನೋಡುವ ಆಕೆ ಇದೊಂದು ಗೋಡೆಗಾಗಿ ನಾಲ್ಕು ತಿಂಗಳು ಅಲೆದಿದ್ದಳು. ಗೋಡೆಯ ತೇವಕ್ಕೆ ಹೊಲಿಗೆಯವಳ ಮಗಳಿಗೆ ಉಬ್ಬಸ ಹತ್ತಿತ್ತು. ರಿಪೇರಿ ಮಾಡಿಸಿ ಎಂದರೆ ಮಾಲೀಕ ಜಪ್ಪಯ್ಯ ಎನ್ನುತ್ತಿರಲಿಲ್ಲ. ಫೋಟೋ ತೋರಿಸಿದರೆ ಅದು ನಮ್ಮ ಮನೆಯೇ ಅಲ್ಲ ಎಂದುಬಿಟ್ಟಿದ್ದ. ಕಣ್ಣಾರೆ ನೋಡಿ ಬರಲು ಕೋರ್ಟು ಒಬ್ಬ ಇಂಜಿನಿಯರನ್ನು ಕಳಿಸುವಂತೆ ಮಾಡುವಷ್ಟರಲ್ಲಿ ಸಾಕುಸಾಕಾಗಿತ್ತು. ಅವರು ಬರುವುದು ಒಂದೇ ಸಲ. ಅವರು ಬರೆದದ್ದೇ ಕೊನೆಯ ಮಾತು.

‘ಪುಕ್ಕಟೆ ವಕೀಲೆ ಸಿಕ್ಕಳು ಅಂತ ಕೇಸನ್ನೂ ಪುಕ್ಕಟೆ ಬಿಟ್ಟುಕೊಡ್ತೀಯಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇಂಜಿನಿಯರ್ ಬಂದೇಬಿಟ್ಟರು. ಕನ್ನಡಕ ಏರಿಸಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು.

“ಚೆನ್ನಾಗೇ ಇದೆಯಲ್ಲ?” ಎಂದು ಪೆನ್ನು ತೆಗೆದರು.

ಮಂಚದ ಮೇಲಿದ್ದ ಮಗಳು ಕೆಮ್ಮಿದಳು. “ಸ್ವಲ್ಪ ಹೊತ್ತು ಸುಮ್ನಿರೇ,” ಎಂದು ತಾಯಿ ಪಿಸುದನಿಯಲ್ಲಿ ಗದರಿದಳು. ವಕೀಲೆಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮುಖವನ್ನೂ ನೋಡಲಾಗದೆ ಕೋಣೆಯತ್ತ ಕಣ್ಣು ಹಾಯಿಸಿದಳು. ಮಂಚ, ಕಪಾಟು, ಹೊಲಿಗೆ ಯಂತ್ರ, ಮಗಳ ಪುಸ್ತಕಗಳು, ಎಲ್ಲ ಆಚೆ ಗೋಡೆಗೆ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಮಂಚ ಹತ್ತಬೇಕೆಂದರೆ ಮೊದಲು ಕಪಾಟಿನ ಬಾಗಿಲು ಮುಚ್ಚಬೇಕು. ಈ ಬಿಳಿ ಗೋಡೆಯ ಹತ್ತಿರ ಮಾತ್ರ ಒಂದು ಸ್ಟೂಲೂ ಇರಲಿಲ್ಲ.

“ಸರ್,” ಎಂದಳು ವಕೀಲೆ, “ಇಷ್ಟು ಚಿಕ್ಕ ಮನೇಲಿ ಇಷ್ಟು ಒಳ್ಳೆ ಗೋಡೆನ ಯಾರಾದ್ರೂ ಖಾಲಿ ಬಿಡ್ತಾರಾ?”

ಇಂಜಿನಿಯರ್ ಒಮ್ಮೆ ಆ ಗೋಡೆ, ಒಮ್ಮೆ ಈ ಗೋಡೆ ನೋಡಿದರು. ಆಮೇಲೆ ಪೆನ್ನಿನ ತುದಿಯನ್ನು ಬಿಳಿ ಬಣ್ಣಕ್ಕೆ ಮೆಲ್ಲಗೆ ಒತ್ತಿದರು. ಪೆನ್ನು ಅರ್ಧದವರೆಗೆ ಒಳಗೆ ಹೋಯಿತು. ಹೊರಗೆಳೆದಾಗ ಅಂಗೈಯಗಲದ ಗಾರೆ ಕಿತ್ತು, ಒದ್ದೆ ಮಣ್ಣಿನ ಸಮೇತ ಅವರ ಬೂಟಿನ ಮೇಲೆ ಬಿತ್ತು. ಅವರು ಪೆನ್ನನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ಬರೆಯಲು ಶುರುಮಾಡಿದರು. ಒಂದು ಪುಟ ಮುಗಿದು ಇನ್ನೊಂದಕ್ಕೆ ಹೋಯಿತು.

ವಕೀಲೆ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಹೊಲಿಗೆಯವಳಿಗೆ ಮಾತ್ರ ನಾಚಿಕೆಯಿಂದ ಭೂಮಿಗಿಳಿದುಹೋದಂತಾಗಿತ್ತು. ಓಡಿಹೋಗಿ ಪೊರಕೆ ತಂದು, ಇಂಜಿನಿಯರರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಗುಡಿಸುತ್ತಾ, ತಲೆಯೆತ್ತದೆ ಹೇಳಿದಳು:

“ತಪ್ಪು ತಿಳ್ಕೋಬೇಡಿ ಸರ್. ನಮ್ಮನೆ ಯಾವಾಗ್ಲೂ ಹೀಗಿರಲ್ಲ.”